ಸಹಾಯ ಬೇಕು: ಶವರ್ ಪಂಪಿಗೆ ಯಾವ ಎಂಸಿಬಿ ಹಾಕಿಸಬೇಕು?

ಎಲ್ಲರಿಗೂ ನಮಸ್ಕಾರ. ಹಾಸನದ ನಮ್ಮ ಮನೆಯಲ್ಲಿ ಟ್ಯಾಂಕ್ ಹೆಚ್ಚು ಎತ್ತರದಲ್ಲಿ ಇಲ್ಲದ ಕಾರಣ ಮಹಡಿಯ ಶವರ್‌ನಲ್ಲಿ ನೀರು ಜಿನುಗುತ್ತದೆಯಷ್ಟೇ. ಹಾಗಾಗಿ ಅರ್ಧ ಎಚ್‌ಪಿ ಪ್ರೆಷರ್ ಪಂಪ್ ಹಾಕಿಸಿದೆವು. ಎಲೆಕ್ಟ್ರಿಷಿಯನ್ ಅದನ್ನು ಬಚ್ಚಲುಮನೆಯ ಲೈಟಿನ ಲೈನಿಗೇ ಸೇರಿಸಿದ್ದಾರೆ. ಆ ಲೈನಿನ ಎಂಸಿಬಿಯ (ಕರೆಂಟ್ ಮಿತಿಮೀರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್) ಮೇಲೆ ಬಿ6, ಅಂದರೆ ಬಿ ಮಾದರಿ, 6 ಆಂಪಿಯರ್ ಎಂದಿದೆ, ವೈರ್ 1 ಚದರ ಮಿ.ಮೀ.ನದು. ಪಂಪ್ ಓಡುವಾಗ ಎಳೆಯುವುದು ಸುಮಾರು 3 ಆಂಪಿಯರ್ ಆದರೂ, ಚಾಲೂ ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಕರೆಂಟ್ ಹರಿಯುವುದರಿಂದ ಎಂಸಿಬಿ ಆಗಾಗ ಬೀಳುತ್ತಿದೆ. 16 ಆಂಪಿಯರಿನದು ಹಾಕಿದರೆ ಸರಿಹೋಗುತ್ತದೆ ಎಂಬ ಅವರ ಸಲಹೆ ನನಗೆ ಒಪ್ಪಿಗೆಯಾಗಿಲ್ಲ, ಏಕೆಂದರೆ ಎಂಸಿಬಿ ಇರುವುದೇ ವೈರನ್ನು ಕಾಯುವುದಕ್ಕೆ.

2.5 ಚದರ ಮಿ.ಮೀ. ತಾಮ್ರದ ಪ್ರತ್ಯೇಕ ಲೈನ್ ಎಳೆಸಿ, ಸ್ಟಾರ್ಟಿಂಗ್ ಕರೆಂಟನ್ನು ತಾಳಿಕೊಳ್ಳುವ ಸಿ ಮಾದರಿಯ ಎಂಸಿಬಿ ಹಾಕಿಸುವ ಯೋಚನೆಯಿದೆ. ಅದು 6 ಆಂಪಿಯರಿನದು ಸಾಕೇ, 10 ಬೇಕೇ? ಪಂಪ್ ಜಾಮ್ ಆದರೆ ಮೋಟಾರನ್ನು ಉಳಿಸಲು ಬೇರೆ ಓವರ್‌ಲೋಡ್ ರಕ್ಷಣೆ ಅಗತ್ಯವೇ?

ಇದಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಪಂಪಿನ ಹಸಿರು ಅರ್ತ್ ವೈರ್: ಅದನ್ನು ಎಲ್ಲಿಗೂ ಜೋಡಿಸದೆ, ತುದಿಗೆ ಟೇಪ್ ಸುತ್ತಿ ಬಿಟ್ಟಿದ್ದಾರೆ. ನಮ್ಮ ಬೋರ್ಡಿನಲ್ಲಿ, ಕರೆಂಟ್ ಸೋರಿದರೆ ತಕ್ಷಣ ಲೈನನ್ನು ಕಡಿಯುವ ಆರ್‌ಸಿಸಿಬಿ ಕೂಡ ಇಲ್ಲ. 30 ಮಿಲಿಆಂಪಿಯರಿನದನ್ನು ಇಡೀ ಮನೆಗೆ ಹಾಕಿಸುವುದೋ, ಈ ಲೈನಿಗೆ ಮಾತ್ರವೋ? ಸದ್ಯಕ್ಕೆ ಪಂಪಿನ ಸಂಪರ್ಕ ತಪ್ಪಿಸಿದ್ದೇವೆ (ಬಕೆಟ್ ಸ್ನಾನಕ್ಕೇನೂ ಕೊರತೆಯಿಲ್ಲ). ಅರ್ತಿಂಗನ್ನು ಮೀಟರ್ ಇಟ್ಟು ಪರೀಕ್ಷಿಸಬಲ್ಲ, ಲೈಸೆನ್ಸ್ ಇರುವವರು ಹಾಸನದಲ್ಲಿ ಯಾರಾದರೂ ಪರಿಚಯವಿದ್ದರೆ ದಯವಿಟ್ಟು ತಿಳಿಸಿ.