ಅನಾನಸ್ ಚೀಸ್‌ಕೇಕೂ ನಮ್ಮ ಮನೆತನದ ಗುಂಪೂ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕನ್ನಡ ಲಿಪಿಯಲ್ಲಿ, ಪೂರ್ಣ ವಾಕ್ಯಗಳಲ್ಲೇ ಬರೆಯಬೇಕೆಂಬುದು ನಿವೃತ್ತ ಅಧ್ಯಾಪಕರಾದ ದೊಡ್ಡಪ್ಪ ಹಾಕಿಕೊಟ್ಟ ಕಟ್ಟಳೆ. ಆದ್ದರಿಂದ ನಮ್ಮಲ್ಲಿ ಜಗಳಗಳೂ ವ್ಯಾಕರಣಬದ್ಧವಾಗಿಯೇ ನಡೆಯುತ್ತವೆ. ಕಳೆದ ಶನಿವಾರ ಸಂಜೆ ಸಣ್ಣತ್ತೆ ಕಳುಹಿಸಿದ ಒಂದು ಫಾರ್ವರ್ಡ್ ಸಂದೇಶದಿಂದ ಎದ್ದ ಜಗಳ ಭಾನುವಾರ ಮಧ್ಯಾಹ್ನದವರೆಗೂ ಎಳೆಯಿತು.

ಸಂದೇಶ ಹೀಗಿತ್ತು: "ಎಚ್ಚರಿಕೆ! ಅನಾನಸ್, ಪಪ್ಪಾಯಿ, ಕಿವಿ ಹಣ್ಣುಗಳನ್ನು ಚೀಸ್‌ಕೇಕಿಗೆ ಹಾಕಬೇಡಿ. ಇವುಗಳಲ್ಲಿರುವ ಆಮ್ಲವು ಚೀಸನ್ನು ಕರಗಿಸಿ ವಿಷವಾಗಿಸುತ್ತದೆ, ನಂತರ ಹೊಟ್ಟೆಯ ಒಳಪೊರೆಯನ್ನೂ ಕರಗಿಸುತ್ತದೆ. ಹತ್ತು ಮಂದಿಗೆ ತಿಳಿಸಿ." ಇದರ ಕೆಳಗೆ ಸಣ್ಣತ್ತೆ ತಮ್ಮದೊಂದು ಸಾಲು ಸೇರಿಸಿದ್ದರು: "ನಾನು ಯಾರನ್ನೂ ಉದ್ದೇಶಿಸಿ ಹಾಕಿದ್ದಲ್ಲ."

ಯಾರನ್ನು ಉದ್ದೇಶಿಸಿದ್ದೆಂದು ಎಲ್ಲರಿಗೂ ಗೊತ್ತಿತ್ತು. ಕಳೆದ ವರ್ಷ ದೊಡ್ಡಪ್ಪನ ಭೀಮರಥ ಶಾಂತಿಯ ದಿನ ಸಂಜೆ, ಅವರ ಸೊಸೆ, ಅಂದರೆ ನಮ್ಮ ಅತ್ತಿಗೆ, ಒಲೆಗೂ ಓವನ್ನಿಗೂ ಇಡದೆ ಫ್ರಿಜ್ಜಿನಲ್ಲೇ ಗಟ್ಟಿಯಾಗಿಸುವ ಅನಾನಸ್ ಚೀಸ್‌ಕೇಕನ್ನು ಮಾಡಿದ್ದಳು. ಅಚ್ಚಿನ ಬಳೆಯನ್ನು ಬಿಚ್ಚಿದ ಕೂಡಲೇ ಅದು ತಟ್ಟೆಯ ತುಂಬ ಹರಡಿಕೊಂಡಿತು. ಕೊನೆಗೆ ಅದನ್ನು ಲೋಟಗಳಿಗೆ ತುಂಬಿ, ಚಮಚ ಕೊಟ್ಟು ಹಂಚಿದರು. ಸ್ವಲ್ಪ ಕಹಿಯೂ ಇತ್ತು. ಇಷ್ಟಾಗಿ ಅಂದು ಯಾರೂ ತುಟಿ ಪಿಟಕ್ಕೆನ್ನಲಿಲ್ಲ.

ಫಾರ್ವರ್ಡನ್ನು ಪೂರ್ತಿ ಓದದೆಯೇ ದೊಡ್ಡಪ್ಪ ಪೀಠಿಕೆ ಹಾಕಿದರು: "ಹಾಲಿನೊಡನೆ ಹಣ್ಣನ್ನು ಬೆರೆಸುವುದು ವಿರುದ್ಧಾಹಾರವೆಂದು ಚರಕಸಂಹಿತೆಯ ಸೂತ್ರಸ್ಥಾನದ 26ನೇ ಅಧ್ಯಾಯದಲ್ಲೇ ಹೇಳಿದೆ. ಹಿರಿಯರು ಹೇಳಿದಾಗ ಕೇಳದವರು ಮೊಬೈಲ್ ಹೇಳಿದಾಗಲಾದರೂ ಕೇಳುತ್ತಾರೆಂಬುದೇ ಈ ಕಾಲದ ಸಮಾಧಾನ."

ಆಧಾರ ಕೇಳುವ ಕೆಲಸ ನಮ್ಮಲ್ಲಿ ಮಂಗಳೂರಿನ ಭಾವನದು. ಅವರು ಉತ್ತರಿಸಿದರು: "ದೊಡ್ಡ ಮಾವನವರೇ, ಆ ಪಟ್ಟಿಯಲ್ಲಿ ಮಾವು, ಬಾಳೆ, ಹಲಸು, ದಾಳಿಂಬೆಗಳಿವೆಯೇ ಹೊರತು ಅನಾನಸ್ ಇಲ್ಲ, ಇರುವುದು ಸಾಧ್ಯವೂ ಇಲ್ಲ. ದಕ್ಷಿಣ ಅಮೆರಿಕದ ಆ ಹಣ್ಣು ಪೋರ್ಚುಗೀಸರ ಮೂಲಕ ನಮ್ಮ ಕರಾವಳಿಗೆ ಬಂದದ್ದು 16ನೇ ಶತಮಾನದಲ್ಲಿ. ಇನ್ನು ಪಟ್ಟಿಯಲ್ಲಿರುವ ಮಾವಿನ ಹಣ್ಣನ್ನು ಹಾಲಿನಲ್ಲಿ ಕಿವುಚಿ ಮಾಡಿದ ಸೀಕರಣೆಯನ್ನು ತಾವು ಪ್ರತಿ ಬೇಸಿಗೆಯಲ್ಲೂ ಎರಡು ಬಟ್ಟಲು ಸೇವಿಸುವುದನ್ನು ನಾನೇ ಕಂಡಿದ್ದೇನೆ."

"ಸೀಕರಣೆಯ ವಿಷಯ ಬೇರೆ," ಎಂದು ದೊಡ್ಡಪ್ಪ ಬರೆದರು. ಹೇಗೆ ಬೇರೆ ಎಂಬುದನ್ನು ಬರೆಯಲಿಲ್ಲ.

ಭಾವ ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ರಸಾಯನಶಾಸ್ತ್ರ ಓದಿದವರ ಕೈಗೆ ಇಂಥ ಅವಕಾಶ ದಿನವೂ ಸಿಗುವುದಿಲ್ಲ. ಅವರ ಮುಂದಿನ ಸಂದೇಶ ಪರದೆಯನ್ನು ಮೂರು ಬಾರಿ ಸರಿಸಿದರೂ ಮುಗಿಯದಷ್ಟು ಉದ್ದವಿತ್ತು. ಅದರ ಸಾರವಿಷ್ಟು: ಅನಾನಸ್‌ನಲ್ಲಿ ಬ್ರೊಮೆಲೈನ್, ಪಪ್ಪಾಯಿಯಲ್ಲಿ ಪಪೈನ್, ಕಿವಿಯಲ್ಲಿ ಆಕ್ಟಿನಿಡಿನ್ ಎಂಬ ಕಿಣ್ವಗಳಿವೆ. ಇವು ಆಮ್ಲಗಳಲ್ಲ, ಪ್ರೋಟೀನನ್ನು ತುಂಡರಿಸುವ ಕತ್ತರಿಗಳು. ಚೀಸ್‌ಕೇಕನ್ನು ಗಟ್ಟಿಗೊಳಿಸಲು ಬಳಸುವ ಜೆಲಾಟಿನ್ ಒಂದು ಪ್ರೋಟೀನ್ ಆದ್ದರಿಂದ ಹಸಿ ಅನಾನಸ್ ತಗುಲಿದರೆ ಅದು ಹಿಡಿದುಕೊಳ್ಳುವುದೇ ಇಲ್ಲ. ಹಾಲಿನ ಪ್ರೋಟೀನೂ ತುಂಡಾಗಿ ಕಹಿ ಬರುತ್ತದೆ. ಆದರೆ ಹಣ್ಣನ್ನು ಚೆನ್ನಾಗಿ ಕುದಿಸಿದರೆ ಕಿಣ್ವ ಸತ್ತುಹೋಗುತ್ತದೆ. ಡಬ್ಬಿಯ ಅನಾನಸ್‌ನಿಂದ ತೊಂದರೆಯಾಗದಿರುವುದು ಅದನ್ನು ಮೊದಲೇ ಕಾಯಿಸಿರುವುದರಿಂದ. ಹಸಿ ಅನಾನಸ್ ಹೆಚ್ಚು ತಿಂದಾಗ ನಾಲಿಗೆ ಚುರುಗುಟ್ಟುವುದರಲ್ಲಿ ಈ ಕಿಣ್ವದ ಪಾಲೂ ಇದೆ, ಆದರೆ ಹೊಟ್ಟೆ ಕರಗುವ ಮಾತು ಶುದ್ಧ ಸುಳ್ಳು.

ಇದನ್ನು ಓದಿದವರು ನಾನೊಬ್ಬಳೇ ಇರಬೇಕು. ಏಕೆಂದರೆ ಮರುಕ್ಷಣವೇ ಪುಣೆಯಲ್ಲಿರುವ ದೊಡ್ಡತ್ತೆಯ ಮಗ ಬನವಾಸಿಯ ಕಡೆಯ ಅನಾನಸ್ ತೋಟಗಳನ್ನು ನೆನೆಯತೊಡಗಿದ. ಸಾಲುಗಳ ನಡುವೆ ನಡೆದರೆ ಮೊಣಕಾಲು ಗೀರುವ ಎಲೆಯ ಮುಳ್ಳು, ಅಜ್ಜ ಹಣ್ಣನ್ನು ತಲೆಕೆಳಗಾಗಿಸಿ ಕಣ್ಣುಗಳನ್ನು ಓರೆಯಾಗಿ ಕೊರೆದು ತೆಗೆಯುತ್ತಿದ್ದ ಕತ್ತಿ, ಇವೆಲ್ಲ ಬಂದವು. ಆ ಬರಹದ ನಡುವೆ ಒಂದು ಸಾಲಿತ್ತು: "ಅಜ್ಜಿ ಅನಾನಸ್ ಸಾಸಿವೆ ಮಾಡುವಾಗ ಹೋಳುಗಳನ್ನು ಬೆಲ್ಲದೊಂದಿಗೆ ಬೇಯಿಸಿ, ಆರಿಸಿದ ಮೇಲೆಯೇ ಮೊಸರು ಬೆರೆಸುತ್ತಿದ್ದಳು; ಹಸಿ ಹೋಳು ಹಾಕಿದರೆ ಕೈಯಿಡುವಷ್ಟರಲ್ಲಿ ಕಹಿಯಾಗುತ್ತದೆ ಎನ್ನುತ್ತಿದ್ದಳು."

ಭಾವ ಮೂರು ಪರದೆಗಳಲ್ಲಿ ಬರೆದದ್ದನ್ನು ಅಜ್ಜಿ ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದಳು. ಆ ಸಂದೇಶಕ್ಕೆ ಎರಡು ಹೂವಿನ ಚಿತ್ರಗಳಷ್ಟೇ ಬಿದ್ದವು.

ಅಷ್ಟರಲ್ಲಿ ಸಣ್ಣತ್ತೆಗೆ ಭಾವನ ಬರಹದೊಳಗಿನ ಒಂದೇ ಪದ ಕಣ್ಣಿಗೆ ಬಿದ್ದಿತ್ತು. "ಜೆಲಾಟಿನ್ ಎಂದರೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವುದಲ್ಲವೇ? ಶಾಂತಿಯ ದಿನ ನಮಗೆ ಬಡಿಸಿದ್ದರಲ್ಲಿ ಅದಿತ್ತೇ?"

ಅತ್ತಿಗೆ ಮೊದಲ ಬಾರಿಗೆ ಬಾಯಿ ತೆರೆದಳು: "ಅತ್ತೆ, ನಾನು ಹಾಕಿದ್ದು ಚೈನಾ ಗ್ರಾಸ್. ಅದು ಕಡಲಪಾಚಿಯಿಂದ ಆಗುವುದು. ಅಂದೇ ಅಡುಗೆಮನೆಯಲ್ಲಿ ನಿಮಗೆ ಪೊಟ್ಟಣದ ಹಸಿರು ಚುಕ್ಕೆಯನ್ನೂ ತೋರಿಸಿದ್ದೆ."

ಭಾವನಿಗೆ ಸಾಕ್ಷ್ಯದಲ್ಲಿ ವಿರೋಧ ಕಂಡರೆ ನಿದ್ದೆ ಬರುವುದಿಲ್ಲ. ರಾತ್ರಿ ಹನ್ನೊಂದರ ಸುಮಾರಿಗೆ ಅವರು ಬರೆದರು: "ಚೈನಾ ಗ್ರಾಸ್ ಪ್ರೋಟೀನ್ ಅಲ್ಲ, ಆದ್ದರಿಂದ ಅನಾನಸ್ ಕಿಣ್ವ ಅದನ್ನು ಏನೂ ಮಾಡಲಾರದು. ಅದನ್ನು ಹಾಕಿದ್ದೇ ನಿಜವಾದರೆ ಚೀಸ್‌ಕೇಕ್ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಇದರಿಂದ ಏನು ತೀರ್ಮಾನಿಸಬೇಕೋ ನನಗೆ ತಿಳಿಯದು."

ತಿಳಿಯದು ಎಂದು ಅವರು ಬರೆದರೂ ಉಳಿದವರಿಗೆಲ್ಲ ತಿಳಿದುಹೋಯಿತು. ಐದು ನಿಮಿಷದಲ್ಲಿ ಅತ್ತಿಗೆ ಗುಂಪಿನಿಂದ ಹೊರಹೋದಳು. ದೊಡ್ಡಪ್ಪ "ಮನೆಯ ಮಾನ" ಎಂದು ಆರಂಭಿಸಿ ಏನನ್ನೋ ಬರೆದು ಅಳಿಸಿದರು. ಸಣ್ಣತ್ತೆ, ತಾನು ಮೊದಲೇ ಯಾರನ್ನೂ ಉದ್ದೇಶಿಸಿರಲಿಲ್ಲವೆಂಬುದನ್ನು ಮತ್ತೊಮ್ಮೆ ನೆನಪಿಸಿದರು. ಆ ಹೊತ್ತಿಗೆ ಫಾರ್ವರ್ಡಿನಲ್ಲಿ ಏನಿತ್ತೆಂದು ಕೇಳಿದ್ದರೆ ಒಬ್ಬರೂ ಹೇಳುತ್ತಿರಲಿಲ್ಲವೆಂದು ನನ್ನ ಅನುಮಾನ.

ಭಾನುವಾರ ಬೆಳಿಗ್ಗೆ, ಗುಂಪಿನಲ್ಲಿ ಎಂದೂ ಬರೆಯದ ದೊಡ್ಡಮ್ಮನಿಂದ ಅರ್ಧ ನಿಮಿಷದ ಧ್ವನಿ ಸಂದೇಶ ಬಂತು. ಹಿಂದೆ ಒಗ್ಗರಣೆ ಸಿಡಿಯುವ ಸದ್ದು ಕೇಳುತ್ತಿತ್ತು. "ಅದು ಚೈನಾ ಗ್ರಾಸೇ. ಬಿಳೀ ದಾರದಂಥದ್ದೊಂದು ಅವತ್ತು ನನ್ನ ದವಡೆ ಹಲ್ಲಿನ ಸಂದಿಗೆ ಸಿಕ್ಕಿಕೊಂಡು, ಮಲಗುವ ಹೊತ್ತಿಗೆ ಕಡ್ಡಿ ಹಾಕಿ ತೆಗೆದೆ. ನಮ್ಮನೆ ಸೊಸೆಯನ್ನು ಕೇಳುವುದಿದ್ದರೆ ನನ್ನನ್ನು ಕೇಳಿ."

ದಾರ ಎಂಬ ಒಂದು ಮಾತಿನಿಂದ ಲೆಕ್ಕವೆಲ್ಲ ಸರಿಹೋಯಿತು. ಚೈನಾ ಗ್ರಾಸನ್ನು ನೀರಿನಲ್ಲಿ ನೆನೆಸಿ, ಕುದಿಸಿ, ಎಳೆಯೊಂದೂ ಕಾಣದಂತೆ ಕರಗಿಸಬೇಕು. ಬರಿಯ ಬಿಸಿ ಹಾಲಿಗೆ ಹಾಕಿ ಕದಡಿದರೆ ಅದು ನಾರಾಗಿಯೇ ಉಳಿಯುತ್ತದೆ. ಪೂರ್ತಿ ಕರಗಿದ್ದರೂ ಸುಮಾರು 40 ಡಿಗ್ರಿಗೆ ಇಳಿಯುತ್ತಲೇ ಹೆಪ್ಪುಗಟ್ಟುವುದರಿಂದ, ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಚೀಸಿಗೆ ಸುರಿದರೆ ಗಂಟುಗಂಟಾಗುತ್ತದೆ. ಅಂದು ಅದು ಕರಗಿಯೇ ಇರಲಿಲ್ಲ. ಕಹಿಗೆ ಮಾತ್ರ ಹಸಿ ಅನಾನಸ್ ಕಾರಣ. ಭಾವ ಇದನ್ನೆಲ್ಲ ಬರೆದು, ಕೊನೆಯಲ್ಲಿ "ನನ್ನ ತರ್ಕದಲ್ಲಿ ಒಂದು ಹಂತ ಬಿಟ್ಟುಹೋಗಿತ್ತು" ಎಂದರು. ನಮ್ಮ ಭಾವನ ಮಟ್ಟಿಗೆ ಅದು ಸಾಷ್ಟಾಂಗ ನಮಸ್ಕಾರಕ್ಕೆ ಸಮ.

ನಾನು ಅತ್ತಿಗೆಯನ್ನು ಮತ್ತೆ ಗುಂಪಿಗೆ ಸೇರಿಸಿದೆ. ಅವಳು ಯಾರ ಮಾತಿಗೂ ಉತ್ತರಿಸದೆ ಒಂದು ಚಿತ್ರವನ್ನು ಹಾಕಿದಳು. ಅನಾನಸನ್ನು ಸಕ್ಕರೆಯೊಂದಿಗೆ ನೀರಿಂಗುವವರೆಗೆ ಬೇಯಿಸಿ, ಕಟ್ಟಿದ ಮೊಸರು, ಕ್ರೀಮ್ ಚೀಸ್, ಕಂಡೆನ್ಸ್ಡ್ ಮಿಲ್ಕ್, ಎರಡು ಚಮಚ ಕಾರ್ನ್‌ಫ್ಲೋರ್ ಕಲಸಿದ ಹಿಟ್ಟಿಗೆ ಸೇರಿಸಿ, ಬಿಸಿನೀರಿನ ತಟ್ಟೆಯಲ್ಲಿಟ್ಟು 160 ಡಿಗ್ರಿಯಲ್ಲಿ ಬೇಯಿಸಿದ, ಮೊಟ್ಟೆಯಿಲ್ಲದ ಚೀಸ್‌ಕೇಕ್. ಅಂಚು ನೆಟ್ಟಗೆ ನಿಂತಿತ್ತು. ನಡುವೆ ಕೂದಲೆಳೆಯಷ್ಟು ಬಿರುಕಿತ್ತು. ಓವನ್ನಿನ ಬಾಗಿಲನ್ನು ಅರೆತೆರೆದು ಒಳಗೇ ಆರಲು ಬಿಡಬೇಕಿತ್ತು, ಆತುರಪಟ್ಟು ಹೊರತೆಗೆದೆ ಎಂದು ಅವಳೇ ಕೆಳಗೆ ಬರೆದಿದ್ದಳು.

ಚಿತ್ರಕ್ಕೆ ಇಪ್ಪತ್ತು ಮೆಚ್ಚುಗೆಗಳು ಬಂದವು. ಬಳಿಕ ಸಣ್ಣತ್ತೆ ಬರೆದರು: "ಚೆನ್ನಾಗಿ ಬಂದಿದೆ. ಕಳೆದ ವರ್ಷ ಉಳಿದದ್ದನ್ನು ತುಂಬಿಕೊಂಡು ಹೋದ, ನನ್ನ ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿ ಯಾರ ಮನೆಯಲ್ಲಿದೆ? ನಾನು ಯಾರನ್ನೂ ಉದ್ದೇಶಿಸಿ ಕೇಳುತ್ತಿಲ್ಲ."