ರೂಲೇ ಸರಿಯಾಗಿ ಅರ್ಥ ಆಗಲ್ಲ ಅಂದ್ರೆ ಫೈನ್ ಹಾಕೋದು ನ್ಯಾಯಾನಾ?

ಪ್ರಶ್ನೆ:
ಗಾಡಿ ಓಡಿಸುವಾಗ ಫೋನ್ ಬಳಸಬಾರದು ಅಂತ ರೂಲ್ ಇದೆ ಅಂದ್ಕೊಳ್ಳಿ, ಅಷ್ಟೇ ಬರ್ದಿರೋದು. ರೆಡ್ ಸಿಗ್ನಲಲ್ಲಿ ನಿಂತಿದ್ದಾಗ ಮ್ಯಾಪ್ ನೋಡಿದ್ರೆ ಅದೂ ಓಡಿಸಿದಂಗೇನಾ? ನೋಡಿದ್ರೂ ತಪ್ಪಾ, ಇಲ್ಲ ಮಾತಾಡಿದ್ರೆ ಮಾತ್ರಾನಾ? ನಾನು ಓದಿದ್ರೆ ಒಂದರ್ಥ, ಪೊಲೀಸ್ನೋರು ಓದಿದ್ರೆ ಇನ್ನೊಂದು, ಇಂಥದ್ದಕ್ಕೆ ದಂಡ ಕಟ್ಟು ಅಂದ್ರೆ ಹೆಂಗೆ?

ಉತ್ತರ:
ಇದೇ ವಿಷ್ಯ ಕ್ಯಾಲಿಫೋರ್ನಿಯಾದಲ್ಲಿ ಕೋರ್ಟ್ ಮೆಟ್ಟಿಲು ಹತ್ತಿದೆ. ರೆಡ್ ಲೈಟಲ್ಲಿ ನಿಂತಿದ್ರೂ ಅದು ಡ್ರೈವಿಂಗೇ ಅಂತ 2011ರಲ್ಲಿ ಅಪೀಲ್ ಕೋರ್ಟ್ ಹೇಳ್ತು, ಆದ್ರೆ 2014ರಲ್ಲಿ ಟ್ರಾಫಿಕಲ್ಲಿ ಸಿಕ್ಕಾಕೊಂಡು ಫೋನ್ ಕೈಲಿ ಹಿಡಿದು ಮ್ಯಾಪ್ ನೋಡಿದೋರೊಬ್ರ ಕೇಸಲ್ಲಿ ಶಿಕ್ಷೆ ರದ್ದಾಯ್ತು, ಯಾಕಂದ್ರೆ ಆಗಿದ್ದ ಕಾನೂನು ತಡೀತಿದ್ದಿದ್ದು ಫೋನಲ್ಲಿ ಮಾತಾಡೋದನ್ನ ಮಾತ್ರ ಅಂತ ಕೋರ್ಟ್ ತೀರ್ಮಾನಿಸ್ತು. ಆಮೇಲೆ ಕಾನೂನನ್ನೇ ತಿದ್ದಿದ್ರು, 2017ರಿಂದ ಜಾರಿ. ಇಂಗ್ಲೆಂಡಲ್ಲೂ ಹಂಗೇ, ಡ್ರೈವ್ ಮಾಡ್ತಾ ಆಕ್ಸಿಡೆಂಟ್ ಜಾಗದ ವಿಡಿಯೋ ತೆಗೆದೋರು ತಪ್ಪಿತಸ್ಥರಲ್ಲ ಅನ್ನೋದನ್ನ 2019ರಲ್ಲಿ ಹೈಕೋರ್ಟ್ ಎತ್ತಿಹಿಡೀತು, 2022ರ ಮಾರ್ಚಲ್ಲಿ ರೂಲ್ ಬಿಗಿ ಮಾಡಿದ್ರು. ಸರ್ಕಾರ ನೆಟ್ಟಗೆ ಬರೀದೇ ಇದ್ದಿದ್ದಕ್ಕೆ ಜನ ಕೋರ್ಟಿಗೆ ಅಲೀಬೇಕಾಯ್ತು ನೋಡಿ.

ಉತ್ತರ:
ನಾನು ಒಪ್ಪಲ್ಲ ಸಾರ್. ವಿಡಿಯೋ ತೆಗೀತಾ ಗಾಡಿ ಓಡಿಸೋದು ಅಪಾಯ ಅಂತ ಹೇಳೋಕೆ ಕಾನೂನು ಪುಸ್ತಕ ಬೇಕಾ? ರೋಡ್ ದಾಟ್ತಿರೋರ ಜೀವ ಮುಖ್ಯ. ಕಾನೂನು ಗೊತ್ತಿರ್ಲಿಲ್ಲ ಅನ್ನೋದು ಯಾವ ಕೋರ್ಟಲ್ಲೂ ಅಷ್ಟು ಸುಲಭಕ್ಕೆ ನಡಿಯಲ್ಲ.

ಉತ್ತರ:
ಅಪಾಯ ಅನ್ನೋದು ನಿಜಾನೇ, ಆದ್ರೆ ಕಾನೂನು ಓದ್ಲೇ ಇಲ್ಲ ಅನ್ನೋದು ಬೇರೆ, ಓದಿದ್ರೂ ಎರಡರ್ಥ ಬರುತ್ತೆ ಅನ್ನೋದು ಬೇರೆ. ಎರಡನೇದಕ್ಕೆ ಡ್ರೈವರ್ ಮೇಲೆ ತಪ್ಪು ಹೊರಿಸೋದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ನಾರ್ತ್ ಕೆರೊಲಿನಾದಲ್ಲಿ ಒಂದು ಬ್ರೇಕ್ ಲೈಟ್ ಕೆಟ್ಟಿದೆ ಅಂತ ಪೊಲೀಸ್ ಗಾಡಿ ನಿಲ್ಲಿಸಿದ್ರು, ಅಲ್ಲಿನ ಅಪೀಲ್ ಕೋರ್ಟ್ ನೋಡಿದ್ರೆ ಒಂದು ಉರೀತಿದ್ರೆ ಸಾಕು ಅಂತು. ಅಮೆರಿಕದ ಸುಪ್ರೀಂ ಕೋರ್ಟ್ 2014ರಲ್ಲಿ, ಕಾನೂನು ಅಷ್ಟು ಗೊಂದಲವಾಗಿರೋದ್ರಿಂದ ಪೊಲೀಸ್ ತಪ್ಪಾಗಿ ಅರ್ಥ ಮಾಡ್ಕೊಂಡಿದ್ದು ಸಹಜ, ಗಾಡಿ ನಿಲ್ಲಿಸಿದ್ದು ಸರಿ ಅಂತ ಹೇಳ್ತು. ಒಂಬತ್ತು ಜಡ್ಜ್‌ಗಳಲ್ಲಿ ಒಬ್ರು ಮಾತ್ರ ಒಪ್ಲಿಲ್ಲ. ಆದ್ರೆ ಅದೇ ತೀರ್ಪಲ್ಲಿ, ಪೊಲೀಸ್ನೋರು ತಪ್ಪಾಗಿ ತಿಳ್ಕೊಂಡ್ರು ಅಂತ ಜನರಿಗೆ ಶಿಕ್ಷೆ ಕೊಡೋಕಾಗಲ್ಲ ಅಂತಾನೂ ಇದೆ, ಇದನ್ನ ಜಾಸ್ತಿ ಜನ ಗಮನಿಸಲ್ಲ.

ಪ್ರಶ್ನೆ ಕೇಳಿದವರು:
ಹಂಗಾದ್ರೆ ಫೈನ್ ಬಂದ್ರೆ ಮೊದ್ಲು ಏನ್ ಮಾಡ್ಬೇಕು?

ಉತ್ತರ:
ಚಲನ್ ಮೇಲೆ ಯಾವ ಸೆಕ್ಷನ್ ಹಾಕಿದಾರೆ ನೋಡಿ, ಅದನ್ನ ಪೂರ್ತಿ ಓದಿ, ಬೋರ್ಡಿದ್ರೆ ನಿಮ್ಮ ಸೀಟಿಂದ ಹೆಂಗೆ ಕಾಣ್ತಿತ್ತೋ ಹಂಗೇ ಫೋಟೋ ತೆಗೀರಿ, ಗಾಡಿ ನಿಲ್ಲಿಸಿ ಆಮೇಲೆ. ಅವಸರಕ್ಕೆ ದುಡ್ಡು ಕಟ್ಬೇಡಿ, ಎಷ್ಟೋ ಕಡೆ ಕಟ್ಟಿದ್ರೆ ತಪ್ಪು ಒಪ್ಕೊಂಡಂಗೇ ಲೆಕ್ಕ.