ಸಾಲ ಇರೋಮುಂದ ಚರ್ಚಿಗೆ ದಶಮಾಂಶ (ದುಡಿಮಿಯ ಹತ್ತನೇ ಒಂದು ಪಾಲು), ಕಟ್ಟಡದ ಕಾಣಿಕಿ ಹೆಂಗ ಕೊಡೋದ್ರಿ?

ಸಿಂಧನೂರು ನೆಲ್ಲಿನ ರೈತ:
ಎಲ್ಲಾರಿಗೂ ವಂದನೆಗಳ್ರಿ. ನಮ್ದು ಕಾಲುವಿ ಕೊನಿ ಭಾಗದ ಊರು, ಮನಿದು ಎರಡು ಎಕರೆ, ಲೀಜಿಗೆ ಇನ್ನೆರಡು, ಎಲ್ಲಾ ನೆಲ್ಲೇ. ದಲಾಲಿ ಅಂಗಡ್ಯಾಗ ಬೀಜ ಗೊಬ್ಬರ ಎಣ್ಣಿ (ಬೆಳಿಗೆ ಹೊಡಿಯೋ ಔಷಧಿ) ಅಂತ ಎರಡು ಲಕ್ಷ ಸಾಲ ಆಗ್ಯಾದ, ನೂರಕ್ಕ ಎರಡೂವರಿ ಬಡ್ಡಿ. ನಮ್ಮ ಸಭಿಯಾಗ (ಚರ್ಚಿನ್ಯಾಗ) ಹೊಸ ಕಟ್ಟಡ ಎಬ್ಬಸಾಕತ್ಯಾರ, ಸುಗ್ಗಿ ಆರಾಧನಿಯಾಗ ಎಲ್ಲಾರೂ ಎದ್ದು ಇಷ್ಟಿಷ್ಟು ಕೊಡ್ತೀವಿ ಅಂದ್ರು, ನಾನೂ 30,000 ಅಂದೀನಿ, ಕೊಡೋ ಮನಸ್ಸು ಈಗ್ಲೂ ಅದ, ಆದ್ರ ಕೈಯಾಗ ಇಲ್ಲ. ನಮ್ಮವ್ವ, ಬಂಗಾರದ ಬಳಿ ಅಡಾ ಇಟ್ಟು ಕೊಡು, ಆಕಾಶದ ಹಕ್ಕಿಗೆ ಊಟ ಕೊಡೋ ದೇವ್ರು ನಿಂಗ ಕೊಡಂಗಿಲ್ಲೇನು ಅಂತಾಳ. ಹೆಂಡ್ತಿ ಅಂತಾಳ, ಗೋಪುರ ಕಟ್ಟೋ ಮೊದ್ಲು ಕುಂತು ಲೆಕ್ಕ ಹಾಕು ಅಂತ ಬೈಬಲ್ಲಿನ ಲೂಕದಾಗೂ ಬರದದಲ್ಲ. ಇಬ್ಬರೂ ವಚನಾನೇ ಹೇಳ್ತಾರ, ನಾನು ನಡುವ ಸಿಕ್ಕೀನಿ. ಇನ್ನೊಂದ್ರಿ, ದಶಮಾಂಶ ಮಾರಿದ ಪೂರಾ ರೊಕ್ಕಕ್ಕೋ, ಖರ್ಚು ತೆಗೆದು ಉಳಿದಿದ್ದಕ್ಕೋ?

ಮಾನ್ವಿ ಮೇಷ್ಟ್ರು:
ಬ್ರದರ್, ಅಡಾ ಇಟ್ಟು ಕಾಣಿಕಿ ಕೊಡಬ್ಯಾಡ್ರಿ. 2 ಕೊರಿಂಥ 8:12 ಓದ್ರಿ, ಮನಸ್ಸಿದ್ರ ಇದ್ದದ್ದರ ಪ್ರಕಾರ ಕೊಟ್ಟಿದ್ದೇ ಮೆಚ್ಚಿಗಿ, ಇಲ್ಲದ್ದರ ಪ್ರಕಾರ ಅಲ್ಲ ಅಂತದ. ಪೌಲ ಅದನ್ನ ಬರೆದಿದ್ದೇ ಕಾಣಿಕಿ ಎತ್ತೋ ವಿಷಯಕ್ಕ. ಪಾಸ್ಟರ್ ಅಯ್ಯಾವ್ರ ಹತ್ರ ಹೋಗಿ ಸುಗ್ಗಿಗೆ ಇಷ್ಟು, ಮುಂದಿನ ವರ್ಷ ಇಷ್ಟು ಅಂತ ಬಾಯಿಬಿಟ್ಟು ಹೇಳ್ರಿ, ಅದರಾಗ ಮಾತು ತಪ್ಪಿದಂಗೇನೂ ಆಗಂಗಿಲ್ಲ.

ಈಗ ಬಡ್ಡಿ ನೋಡ್ರಿ. ಎರಡು ಲಕ್ಷಕ್ಕ ತಿಂಗಳಿಗೆ 5,000, ವರ್ಷಕ್ಕ 60,000. ನೀವು ಹೇಳಿದ ಕಾಣಿಕಿ ಎರಡು ಸಲ ಕೊಡಬಹುದಿತ್ತು ಅದರಾಗ! ಬಳಿ ಅಡಾ ಇಡೋದೇ ಆದ್ರ ಬ್ಯಾಂಕಿನ್ಯಾಗ ಇಟ್ಟು ಅಂಗಡಿ ಸಾಲ ತೀರಸ್ರಿ, ಬ್ಯಾಂಕಿನ ಬಡ್ಡಿ ಅಂಗಡಿ ಬಡ್ಡಿ ಅರ್ಧನೂ ಬರಂಗಿಲ್ಲ. ಮತ್ತ ನಿಮ್ಮ ಎರಡು ಎಕರೆ ಪಹಣಿ ಮ್ಯಾಲ ಸೊಸೈಟಿಯಾಗ ಬೆಳೆ ಸಾಲ ಕೇಳ್ರಿ. ನಮ್ಮ ರಾಜ್ಯದಾಗ 5 ಲಕ್ಷದ ತನಕ ಬಡ್ಡಿ ಇಲ್ಲದ ಸಾಲ ಅಂತ ಅದ, ಆದ್ರ ಎಕರೆಗೆ ಇಷ್ಟೇ ಅಂತ ಲೆಕ್ಕ ಇಟ್ಟಿರ್ತಾರ, ಎರಡು ಎಕರೆಗೆ ಪೂರಾ ಸಿಗಂಗಿಲ್ಲ, ಹೇಳಿದ ತಾರೀಖಿಗೆ ಕಟ್ಟಲಿಲ್ಲಂದ್ರ ಬಡ್ಡಿ ಬೀಳ್ತದ. ಲೀಜಿನ ಹೊಲಕ್ಕ ಕೊಡಂಗಿಲ್ಲ, ಪಹಣಿ ನಿಮ್ಮ ಹೆಸರ್ಲೆ ಇರಂಗಿಲ್ಲಲ್ಲ.

ದಶಮಾಂಶದ್ದು ನನ್ನ ಅಭಿಪ್ರಾಯ ಹೇಳ್ತೀನಿ. ನಾಲ್ಕು ಎಕರೆಗೆ 150 ಚೀಲ, ಚೀಲ 1,700ರಂಗ ಹೋದ್ರ 2,55,000. ಲೀಜು, ನಾಟಿ, ಗೊಬ್ಬರ, ಮಷೀನ್ ಕಟಾವು ಎಲ್ಲಾ ತೆಗೆದು 60,000 ಉಳೀತು ಅನ್ಕೊಳ್ರಿ. ಪೂರಾ ರೊಕ್ಕಕ್ಕ ಹಾಕಿದ್ರ 25,500, ಉಳಿದಿದ್ದಕ್ಕ 6,000. ಪಗಾರದವ್ರಿಗೆ ಈ ಪ್ರಶ್ನೆ ಇಷ್ಟು ಬಿಗಿ ಇರಂಗಿಲ್ಲ, ಅದಕ್ಕ ಅವ್ರು ಸಲೀಸಾಗಿ ಉಪದೇಶ ಮಾಡ್ತಾರ (ನಾನೂ ಪಗಾರದವನೇ ಬಿಡ್ರಿ). ಗೊಬ್ಬರದ ರೊಕ್ಕ ನಿಮ್ಮ ಆದಾಯ ಅಲ್ಲ, ಉಳಿದಿದ್ದಕ್ಕ ಕೊಡ್ರಿ.

ಗಂಗಾವತಿ ಸಿಸ್ಟರ್:
ಮೇಷ್ಟ್ರೆ ನಿಮ್ಮ ಲೆಕ್ಕ ಸರಿ ಐತಿ ಆದ್ರ ಒಂದು ಮಾತು. ಉಳಿದಿದ್ದರಾಗ ಕೊಡ್ತೀನಿ ಅಂದವ್ರಿಗೆ ಉಳಿಯಂಗೇ ಇಲ್ಲರಿ, ಖರ್ಚು ಬರಿಯೋದು ನಮ್ಮ ಕೈಯಾಗೇ ಐತಲ್ಲ, ಮೊಬೈಲ್ ಕಂತು ಸೈತ ಹೊಲದ ಖರ್ಚಿಗೆ ಸೇರ್ತೈತಿ. ನಮ್ಮತ್ತಿ ಒಲಿ ಮ್ಯಾಲ ಎಸರು ಇಟ್ಟು ಅಕ್ಕಿ ತೊಳಿಯೋಕ್ಕಿಂತ ಮುಂಚೆ ಒಂದು ಹಿಡಿ ತೆಗೆದು ಬಾಜೂ ಡಬ್ಬ್ಯಾಗ ಹಾಕ್ತಾರ, ತಿಂಗಳಾದ್ಮ್ಯಾಲ ಡಬ್ಬಿ ಸಭಿಗೆ ಹೋಗ್ತೈತಿ. ಮನ್ಯಾಗ ಅಕ್ಕಿ ಕಡಿಮಿ ಇದ್ದ ದಿನ ಹಿಡಿ ಸಣ್ಣದಾಗ್ತೈತಿ ಅಷ್ಟ, ತಪ್ಪಂಗಿಲ್ಲ. ಅದಕ್ಕ ನಾನು ಹೇಳೋದು, ಸಾಲ ತೀರೋ ತನಕ ಏನೂ ಕೊಡಂಗಿಲ್ಲ ಅಂತ ಮಾತ್ರ ಮಾಡಬ್ಯಾಡ್ರಿ ಅಣ್ಣ, ಸಣ್ಣದು ಮೊದ್ಲು ತೆಗೆದಿಡ್ರಿ. ಆದ್ರ ಬಳಿ ಅಡಾ ಇಟ್ಟು ಕೊಡೋದು ನಂಗೂ ಒಪ್ಪಿಗಿಲ್ಲ, ಅವ್ವನವ್ರಿಗೆ ಬ್ಯಾಸರ ಆದ್ರೂ ಆಗ್ಲಿ.

ಬಳ್ಳಾರಿ ರಿಟೈರ್ಡ್ ಬ್ಯಾಂಕ್ ಅಂಕಲ್:
ತಮ್ಮಾ, ನಿಮ್ಮ ತಾಯಿಯವ್ರಿಗೆ 2 ಅರಸುಗಳು 4ನೇ ಅಧ್ಯಾಯ ಓದಿ ಹೇಳಪ್ಪ. ಸಾಲಗಾರ ಬಂದು ವಿಧವೆ ಮಕ್ಕಳನ್ನ ಗುಲಾಮರು ಮಾಡ್ಕೊಳ್ಳೋಕೆ ನಿಂತಿದ್ದ. ದೇವರು ಎಣ್ಣೆ ತುಂಬ್ಸಿದ, ಸರಿ, ಆಮೇಲೆ ಪ್ರವಾದಿ ಎಲೀಷ ಏನಂದ? ಹೋಗಿ ಎಣ್ಣೆ ಮಾರು, ಸಾಲ ತೀರ್ಸು, ಉಳಿದಿದ್ರಲ್ಲಿ ನೀನೂ ಮಕ್ಕಳೂ ಬದುಕ್ರಿ ಅಂದ. ಅದ್ಭುತ ಆದ ಮನೆಯಲ್ಲೂ ಮೊದ್ಲು ತೀರಿದ್ದು ಸಾಲಾನೇ.

ಇನ್ನು ಕೂಡಿಡೋದು. ಎರಡನೇ ಬೆಳೆಗೆ ನೀರು ಗ್ಯಾರಂಟಿ ಅಂತ ನಮ್ ಕಡೆ ಯಾರೂ ಹೇಳಂಗಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 33 ಗೇಟಲ್ಲಿ 19ನೇದೊಂದೇ ಚೈನ್ ಕಿತ್ತು ಹೋದಾಗ ಎಡದಂಡೆ ಬಲದಂಡೆ ಎರಡೂ ಕಡೆ ಜನ ಕೈಯಲ್ಲಿ ಜೀವ ಹಿಡ್ಕೊಂಡು ಕೂತಿದ್ರು. ಬೈಬಲ್ಲಿನ ಯೋಸೇಫ ಬರಗಾಲಕ್ಕೆ ಮುಂಚೆ ಸುಭಿಕ್ಷದ ಏಳು ವರ್ಷ ಐದನೇ ಒಂದು ಪಾಲು ಎತ್ತಿಡ್ಸಿದ್ದು ಫರೋಹನಿಗೆ ದೇವರೇ ಕನಸಲ್ಲಿ ತೋರ್ಸಿದ್ಮೇಲೆ, ಅದನ್ನ ಅಪನಂಬಿಕೆ ಅನ್ನೋಕಾಗುತ್ತಾ? ಚೀಲ ಮಾರಿದ ದಿನಾನೇ ಒಂದಿಷ್ಟು ಬೇರೆ ಖಾತೆಗೆ ಹಾಕು, ಎಟಿಎಂ ಕಾರ್ಡ್ ಇಲ್ದಿರೋ ಖಾತೆ ಆದ್ರೆ ಇನ್ನೂ ಒಳ್ಳೇದು.

ಬ್ಯಾಂಕಿಗೆ ಹೋದಾಗ ಇನ್ನೆರಡು ಫಾರಂ ತುಂಬಿ ಬಾ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಆಕ್ಸಿಡೆಂಟಲ್ಲಿ ಜೀವ ಹೋದ್ರೆ ಮನೆಯವ್ರಿಗೆ 2 ಲಕ್ಷ. ಜೀವನ್ ಜ್ಯೋತಿ 436 ರೂಪಾಯಿ, ಯಾವ ಕಾರಣಕ್ಕೆ ಹೋದ್ರೂ 2 ಲಕ್ಷ, 50 ವರ್ಷದೊಳಗೆ ಸೇರ್ಬೇಕು. ಮೇ ಕೊನೆಗೆ ಖಾತೇಲಿ ದುಡ್ಡಿರ್ಲಿ, ಆಗಲೇ ಕಟ್ ಆಗೋದು. ಇನ್ಶೂರೆನ್ಸ್ ಮಾಡ್ಸಿದ್ರೆ ದೇವರ ಮೇಲೆ ಭರವಸೆ ಇಲ್ಲ ಅಂತ ಯಾರಾದ್ರೂ ಅಂದ್ರೆ, ಸ್ವಂತ ಮನೆಯವ್ರನ್ನ ನೋಡ್ಕೊಳ್ಳದವನು ನಂಬದವನಿಗಿಂತ ಕೆಟ್ಟವನು ಅಂತ 1 ತಿಮೊಥೆಯ 5:8 ತೋರ್ಸು.

ಸಿಂಧನೂರು ನೆಲ್ಲಿನ ರೈತ:
ಎಲ್ಲಾರಿಗೂ ಥ್ಯಾಂಕ್ಸ್ ರಿ. ಅಯ್ಯಾವ್ರ ಹತ್ರ ಮಾತಾಡಿದೆ, ಸುಗ್ಗಿಗೆ ರೊಕ್ಕದ ಬದಲಿ ಐದು ಚೀಲ ನೆಲ್ಲು ಕೊಡು, ಉಳಿದಿದ್ದು ನಿಧಾನಕ ಕೊಡು ಅಂದ್ರು. ಎಣ್ಣಿ ವಿಧವೆ ಕಥಿ ಓದಿ ಹೇಳಿದ್ದಕ್ಕ ಅವ್ವ ಸುಮ್ನಾದ್ಳು, ಆದ್ರ ಬಳಿ ಬ್ಯಾಂಕಿಗೆ ಇಡಾಕ ಈಗ ಆಕಿ ಒಲ್ಲೆ ಅನ್ನಾಕತ್ಯಾಳ 😅 ದೇವರಿಗಾದ್ರ ಕೊಡ್ತಿದ್ದೆ ಅಂಗಡಿ ಸಾಲಕ್ಕ ಯಾಕ ಅಂತ. ಇನ್ನೊಂದು ತೊಡಕು ಮೇಷ್ಟ್ರೆ, ಪಹಣಿ ಇನ್ನೂ ನಮ್ಮಪ್ಪನ ಹೆಸರ್ಲೆ ಅದ, ಅಪ್ಪ ತೀರಿಕೊಂಡಾನ. ಸೊಸೈಟಿಯಾಗ ಕೊಡ್ತಾರೇನ್ರಿ?

ಮಾನ್ವಿ ಮೇಷ್ಟ್ರು:
ಹಂಗ ಕೊಡಂಗಿಲ್ರಿ. ಮೊದ್ಲು ಪೌತಿ ಖಾತೆ ಮಾಡಸ್ರಿ, ಅಂದ್ರ ತೀರಿಕೊಂಡವ್ರ ಹೆಸರಿನ ಹೊಲ ವಾರಸದಾರರ ಹೆಸರಿಗೆ ಮಾಡೋದು. ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಎಲ್ಲಾ ಹಿಡ್ಕೊಂಡು ನಾಡಕಚೇರಿಗೆ ಹೋಗ್ರಿ, ಅಣ್ಣತಮ್ಮ ಅಕ್ಕತಂಗೇರು ಇದ್ರ ಅವ್ರನ್ನೂ ಕೇಳಿ ಕರ್ಕೊಂಡು ಹೋಗ್ರಿ. ನಾಟಿ ಟೈಮಿಗೆ ಓಡಾಡೋಕಾಗಂಗಿಲ್ಲ, ಈಗ ಹೊಲ ಖಾಲಿ ಇರೋಮುಂದನೇ ಮುಗಸ್ಕೊಳ್ರಿ.